ಹಳೆ ಇಂಜಿನ್‌ಗೆ ಅಲ್ಯೂಮಿನಿಯಂ ಟೈಮಿಂಗ್ ಗೇರ್ ಸೆಟ್: ಒಂದು ವರ್ಷ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಸೆಟ್ ತಗೋಬಹುದು. ನನಗೆ ತೃಪ್ತಿ ಇದೆ. ಆದರೆ ಡಬ್ಬಿಯಿಂದ ತೆಗೆದು ಹಾಗೇ ಹಾಕಿಬಿಡುವ ವಸ್ತು ಅಲ್ಲ ಇದು, ಮೂರ್ನಾಲ್ಕು ಕಡೆ ಕೈ ಕೆಲಸ ಬೇಕು, ಅಳತೆ ನೋಡಬೇಕು, ಅದರ ಬಗ್ಗೆ ಡಬ್ಬಿಯೊಳಗಿನ ಚೀಟಿಯಲ್ಲಿ ಒಂದಕ್ಷರವೂ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಕಾರು ಹಳೆಯದು. ನಾಲ್ಕು ಸಿಲಿಂಡರ್, ಕಬ್ಬಿಣದ ಬ್ಲಾಕ್, ಪುಶ್‌ರಾಡ್ ಇಂಜಿನ್. ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಟೈಮಿಂಗ್‌ಗೆ ಚೈನೂ ಇಲ್ಲ, ಬೆಲ್ಟೂ ಇಲ್ಲ. ಗೇರಿಗೆ ಗೇರ್ ಕಚ್ಚಿಕೊಂಡು ತಿರುಗುತ್ತದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಮೇಲೆ ಚಿಕ್ಕದೊಂದು ಉಕ್ಕಿನ ಗೇರ್, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಮೇಲೆ ಅದರ ಎರಡರಷ್ಟು ಹಲ್ಲಿರುವ ದೊಡ್ಡ ಫೈಬರ್ ಗೇರ್. ಚೈನ್ ಸಡಿಲವಾಗುತ್ತೆ, ಬೆಲ್ಟ್ ಕಿತ್ತುಹೋಗುತ್ತೆ, ಗೇರ್‌ಗೆ ಏನಾಗುತ್ತೆ ಅಂತ ನಾನೂ ಇಷ್ಟು ವರ್ಷ ಅಂದುಕೊಂಡಿದ್ದೆ. ಈ ಗೇರ್ ಇರುವ ಕಾರನ್ನು ಕೊಳ್ಳುವವರಿಗೆ ಮಾರುವವರು ಹೇಳುವ ಮಾತೂ ಅದೇ ಅಲ್ವಾ, "ಗೇರ್ ಡ್ರೈವ್ ಸಾರ್, ಜನ್ಮಕ್ಕೆ ತೊಂದರೆ ಇಲ್ಲ".

ತೊಂದರೆ ಬಂತು. ಅದೂ ಜೋರಾಗಿ ಓಡಿಸುವಾಗ ಅಲ್ಲ. ಗಾಡಿ ನಿಂತು ಐಡ್ಲಿಂಗ್‌ನಲ್ಲಿ ಇತ್ತು. ಕೆಮ್ಮಲಿಲ್ಲ, ಹೊಗೆ ಬಿಡಲಿಲ್ಲ, ಕಟಕಟ ಅನ್ನಲಿಲ್ಲ. ಸ್ವಿಚ್ ಆಫ್ ಮಾಡಿದ ಹಾಗೆ ನಿಂತುಹೋಯಿತು. ಸೆಲ್ಫ್ ಹೊಡೆದೆ. ಇಂಜಿನ್ ಸರಾಗವಾಗಿ ತಿರುಗಿತು, ಎಂದಿಗಿಂತ ಹಗುರವಾಗಿ, ಜೋರಾಗಿ. ಆ ಸದ್ದು ಕೇಳಿ ಎದೆ ಧಸಕ್ಕೆಂದಿತು. ಹಳೆ ಗಾಡಿ ಇಟ್ಟುಕೊಂಡವರಿಗೆ ಸೆಲ್ಫ್ ಹೊಡೆದಾಗ ಬರುವ ಆ ಲಯ ಗೊತ್ತಿರುತ್ತದೆ, ಒಂದೊಂದು ಸಿಲಿಂಡರ್ ಕಂಪ್ರೆಶನ್‌ಗೆ ಬಂದಾಗಲೂ ಮೋಟರ್ ಸ್ವಲ್ಪ ತಿಣುಕುತ್ತದೆ. ಆ ತಿಣುಕು ಇರಲಿಲ್ಲ. ಗಾಳಿ ಹಿಡಿದುಕೊಳ್ಳಲು ವಾಲ್ವ್‌ಗಳು ಮುಚ್ಚುತ್ತಲೇ ಇರಲಿಲ್ಲ ಅಂತ ಆಮೇಲೆ ತಿಳಿಯಿತು.

ಪೆಟ್ರೋಲ್ ಬರುತ್ತಿದೆಯಾ, ಕಿಡಿ ಬರುತ್ತಿದೆಯಾ ಅಂತ ನೋಡುತ್ತಾ ಅರ್ಧ ದಿನ ಕಳೆದೆ. ಕಿಡಿ ಇರಲಿಲ್ಲ. ಕಾಯಿಲ್ ಬದಲಾಯಿಸಿದೆ, ಆಗಲೂ ಬರಲಿಲ್ಲ. ಕೊನೆಗೆ ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಬಿಚ್ಚಿ, ಇನ್ನೊಬ್ಬರ ಕೈಯಲ್ಲಿ ಸೆಲ್ಫ್ ಹೊಡೆಸಿ ನೋಡಿದೆ. ಇಂಜಿನ್ ತಿರುಗುತ್ತಿದೆ, ಕ್ಯಾಮ್‌ಶಾಫ್ಟ್‌ನಿಂದ ತಿರುಗಬೇಕಾದ ಅದರ ರೋಟರ್ ಅಲ್ಲಾಡದೆ ನಿಂತಿದೆ. ಡಿಸ್ಟ್ರಿಬ್ಯೂಟರ್‌ನ ಪಿನ್ ಮುರಿದಿದ್ದರೂ ಹೀಗೇ ಕಾಣುತ್ತದೆ, ಹಾಗಾಗಿ ವಾಲ್ವ್ ಕವರ್ ಕೂಡ ತೆಗೆದೆ. ವಾಲ್ವ್ ಒತ್ತುವ ರಾಕರ್‌ಗಳು ಒಂದೂ ಮೇಲೆ ಕೆಳಗೆ ಆಗುತ್ತಿಲ್ಲ. ಕ್ಯಾಮ್‌ಶಾಫ್ಟೇ ತಿರುಗುತ್ತಿಲ್ಲ ಅಂದರೆ ಇನ್ನು ಹುಡುಕುವುದೇನೂ ಉಳಿದಿಲ್ಲ. ಈ ಎರಡು ಪರೀಕ್ಷೆಗೆ ಹತ್ತು ನಿಮಿಷವೂ ಬೇಡ. ಸುಮ್ನೆ ನಿಂತುಹೋದ ಗೇರ್ ಡ್ರೈವ್ ಇಂಜಿನ್ ಇದ್ದರೆ, ಕಾಯಿಲ್, ಪಂಪ್, ಕಾರ್ಬ್ಯುರೇಟರ್ ಅಂತ ದುಡ್ಡು ಸುರಿಯುವ ಮೊದಲು ಕ್ಯಾಪ್ ಬಿಚ್ಚಿ ರೋಟರ್ ನೋಡಿ.

ರೇಡಿಯೇಟರ್ ಇಳಿಸಿ, ಪುಲ್ಲಿ ಎಳೆದು, ಟೈಮಿಂಗ್ ಕವರ್ ತೆಗೆದಾಗ ಕಂಡದ್ದು ಇನ್ನೂ ಕಣ್ಣಲ್ಲಿದೆ. ದೊಡ್ಡ ಗೇರ್‌ನ ಒಂದು ಕಡೆ ಆರು ಹಲ್ಲು ಸಾಲಾಗಿ ಬುಡಸಮೇತ ಹೋಗಿವೆ, ಉಳಿದವು ಹೊಸದರಂತೆ ಕೂತಿವೆ. ಮುರಿದ ಜಾಗಕ್ಕೆ ಟಾರ್ಚ್ ಹಿಡಿದು ನೋಡಿದರೆ ಬಟ್ಟೆಯ ನೇಯ್ಗೆ ಕಾಣುತ್ತದೆ. ನಿಜವಾಗಲೂ ಬಟ್ಟೆಯೇ ಅದು. ಹತ್ತಿಬಟ್ಟೆಯನ್ನು ಫೀನಾಲಿಕ್ ರೆಸಿನ್‌ನಲ್ಲಿ ನೆನೆಸಿ, ಪದರ ಪದರವಾಗಿ ಇಟ್ಟು, ಶಾಖ ಕೊಟ್ಟು ಒತ್ತಿ ಮಾಡಿದ ಹಲಗೆಯಿಂದ ಹಲ್ಲು ಕಡೆದಿರುತ್ತಾರೆ. ನನ್ನ ಗೇರಿನ ಮುರಿದ ಅಂಚನ್ನು ಉಗುರಿನಲ್ಲಿ ಕೆರೆದರೆ ಕಂದು ಪುಡಿ ಉದುರುತ್ತಿತ್ತು, ಎಳೆಗಳು ಒಣಹುಲ್ಲಿನ ಹಾಗೆ ಮುರಿಯುತ್ತಿದ್ದವು. ಗಟ್ಟಿಯಾಗಿದ್ದ ಹಲ್ಲಿನ ಹತ್ತಿರವೂ ಬುಡದಲ್ಲಿ ಕೂದಲೆಳೆಯಷ್ಟು ಬಿರುಕುಗಳಿದ್ದವು. ಅಂದರೆ ಅವೂ ಸರದಿಯಲ್ಲಿ ನಿಂತಿದ್ದವು.

ಆರು ಹಲ್ಲು ಒಂದೇ ಜಾಗದಲ್ಲಿ ಯಾಕೆ ಹೋದವು ಅಂತ ತುಂಬಾ ಯೋಚಿಸಿದೆ. ಎರಡಕ್ಕೊಂದು ಲೆಕ್ಕ ಇರುವುದರಿಂದ ಕ್ಯಾಮ್ ಗೇರಿನ ಒಂದು ಹಲ್ಲು ಯಾವಾಗಲೂ ಕ್ರ್ಯಾಂಕ್ ಗೇರಿನ ಅದೇ ಹಲ್ಲಿನ ಜೊತೆ ಕೂಡುತ್ತದೆ. ವಾಲ್ವ್ ಸ್ಪ್ರಿಂಗ್‌ನ ಭಾರವೂ ಪ್ರತಿ ಸುತ್ತಿನಲ್ಲಿ ಅದೇ ಜಾಗಗಳಲ್ಲೇ ಬೀಳುತ್ತದೆ. ಕ್ಯಾಮ್‌ನ ಉಬ್ಬಿದ ಮೂಗು ವಾಲ್ವ್ ಒತ್ತುವಾಗ ಗೇರ್ ಹಿಂದಕ್ಕೆ ಜಗ್ಗುತ್ತದೆ, ಮೂಗು ದಾಟಿದ ತಕ್ಷಣ ಸ್ಪ್ರಿಂಗ್ ಕ್ಯಾಮನ್ನು ಮುಂದಕ್ಕೆ ತಳ್ಳುತ್ತದೆ, ಹಲ್ಲು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಬಡಿಯುತ್ತದೆ. ಕ್ರ್ಯಾಂಕ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಕ್ಯಾಮ್ 1,500 ಸುತ್ತು. ಒಂದು ಗಂಟೆ ಓಡಿಸಿದರೆ ಕ್ಯಾಮ್ ಗೇರಿನ ಒಂದೊಂದು ಹಲ್ಲೂ 90,000 ಸಲ ಪೆಟ್ಟು ತಿನ್ನುತ್ತದೆ, ಭಾರ ಬೀಳುವ ಜಾಗದ ಹಲ್ಲುಗಳಿಗೆ ಅಷ್ಟೂ ಸಲ ಜೋರು ಪೆಟ್ಟೇ. ದಶಕಗಳ ಶಾಖ, ಹಳಸಿದ ಎಣ್ಣೆ, ವರ್ಷಗಟ್ಟಲೆ ನಿಂತಲ್ಲೇ ನಿಂತದ್ದು, ಇವೆಲ್ಲ ಸೇರಿ ರೆಸಿನ್ ಪೆಡಸಾಗುತ್ತದೆ. ಮೊದಲು ಅದೇ ಭಾರದ ಜಾಗ ಬಿಡುತ್ತದೆ. ಒಂದು ಹಲ್ಲು ಹೋದರೆ ಅದರ ಪಾಲಿನ ಭಾರ ಪಕ್ಕದ್ದರ ಮೇಲೆ.

ಹಾಗಾದರೆ ಫೈಬರ್ ಯಾಕೆ ಹಾಕಿದರು? ಸದ್ದಿಗಾಗಿ. ಉಕ್ಕಿಗೆ ಉಕ್ಕು ಕಚ್ಚಿದರೆ ಗುಂಯ್ ಅನ್ನುವ ಸದ್ದು ಒಳಗೆ ಕೂತವರಿಗೆ ಕೇಳುತ್ತದೆ. ಫೈಬರ್ ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಅದೇ ಕಾರಣಕ್ಕೆ ಹಲ್ಲನ್ನು ಓರೆಯಾಗಿಯೂ ಕಡೆದಿರುತ್ತಾರೆ. ಇದು ಕೆಲವೇ ಕಂಪನಿಗಳ ತಪ್ಪೂ ಅಲ್ಲ, ಅಗ್ಗದ ಕೆಲಸವೂ ಅಲ್ಲ, ಆ ಕಾಲದ ಎಷ್ಟೋ ಒಳ್ಳೆಯ ಇಂಜಿನ್‌ಗಳಲ್ಲಿ ಇತ್ತು. ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಇತ್ತು. 1961ರಲ್ಲಿ ಬಂದ ವೋಲ್ವೋ ಬಿ18ರಲ್ಲಿ, ಅದರ ನಂತರದ ಬಿ20ರಲ್ಲಿ ಇತ್ತು. ಫೋರ್ಡ್‌ನ 300 ಘನ ಇಂಚಿನ ಆರು ಸಿಲಿಂಡರ್ ಇಂಜಿನ್ 1965ರಿಂದ 1996ರವರೆಗೆ ತಯಾರಾಯಿತು, ಗಟ್ಟಿತನಕ್ಕೆ ಅದರ ಹೆಸರನ್ನೇ ಹೇಳುತ್ತಾರೆ, ಅದರ ಸಾಮಾನ್ಯ ಮಾದರಿಗಳಲ್ಲೂ ಕ್ಯಾಮ್ ಗೇರ್ ಫೀನಾಲಿಕ್ಕೇ. ಜನರಲ್ ಮೋಟರ್ಸ್‌ನ ಐರನ್ ಡ್ಯೂಕ್, ಬ್ರಿಟನ್ನಿನ ಫೋರ್ಡ್ ಎಸೆಕ್ಸ್ ವಿ6, ಇವುಗಳ ಫೈಬರ್ ಗೇರ್ ಹಲ್ಲು ಉದುರುವುದು ಆ ಇಂಜಿನ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯ. ಸಾಬ್ 96ರ ವಿ4 ಇಂಜಿನ್ನಿನಲ್ಲಿ ಕ್ಯಾಮ್‌ನ ಜೊತೆ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ಗೂ ಇಂಥ ಗೇರ್ ಇದೆ, ಹಾಗಾಗಿ ಅದರಲ್ಲಿ ನೋಡಬೇಕಾದ ಗೇರ್ ಎರಡು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಮಾತ್ರ ಕ್ಯಾಮ್ ಗೇರ್ ಹಗುರ ಲೋಹದ್ದು, ಬ್ಲಾಕ್‌ಗೆ ತಕ್ಕಂತೆ ಕೂದಲೆಳೆ ದೊಡ್ಡದು ಚಿಕ್ಕದು ಅಂತ ಬೇರೆ ಬೇರೆ ಅಳತೆಯಲ್ಲಿ ಸಿಗುತ್ತದೆ, ಅಳತೆಯ ಗುರುತು ಗೇರ್ ಮೇಲೇ ಒತ್ತಿರುತ್ತದೆ. ಎಷ್ಟು ಅಚ್ಚುಕಟ್ಟು ನೋಡಿ.

ನಾನು ಹೇಳಬೇಕೆಂದುಕೊಂಡ ಮುಖ್ಯ ಮಾತು ಇದು. ಫೈಬರ್ ಗೇರ್ ಕೆಟ್ಟದ್ದಲ್ಲ, ಆದರೆ ಅದರ ಆಯುಷ್ಯವನ್ನು ಕಿಲೋಮೀಟರ್ ನೋಡಿ ಹೇಳಲು ಆಗುವುದಿಲ್ಲ, ಮತ್ತು ಅದು ಹೋಗುವ ಮೊದಲು ಸದ್ದು ಮಾಡಿ ಹೇಳುವುದಿಲ್ಲ. ಚೈನ್ ಆದರೆ ಸವೆಯುತ್ತಾ ಗಲಗಲ ಅನ್ನುತ್ತದೆ. ಲೋಹದ ಗೇರ್ ಆದರೆ ಸವೆದ ಹಾಗೆಲ್ಲ ಸದ್ದು ಬದಲಾಗುತ್ತದೆ. ಫೈಬರ್ ಕೊನೆಯ ದಿನದವರೆಗೂ ಮೆತ್ತಗೆ ತಿರುಗುತ್ತದೆ. ಮೀಟರ್‌ನಲ್ಲಿ ಕಡಿಮೆ ಓಡಿದ, ಶೆಡ್ಡಿನಲ್ಲಿ ನಲವತ್ತು ವರ್ಷ ಮುಚ್ಚಿಟ್ಟ ಚೆಂದದ ಕಾರೇ ಇದರಲ್ಲಿ ಜಾಸ್ತಿ ಅಪಾಯದ್ದು ಅಂತ ನನ್ನ ಅಭಿಪ್ರಾಯ. ಎಣ್ಣೆ ತಗುಲದೆ ಗೇರಿನ ಮೇಲ್ಭಾಗ ಒಣಗಿ ನಿಂತಿರುತ್ತದೆ, ಹೊಸ ಮಾಲೀಕರು ಖುಷಿಯಿಂದ ಮೊದಲ ದಿನವೇ ದೂರ ಓಡಿಸುತ್ತಾರೆ.

ಈಗ ಕೊಂಡ ವಸ್ತುವಿನ ವಿಷಯ. ಮುಂದೆ ಮೂರು ದಾರಿ ಇತ್ತು. ಮತ್ತೆ ಫೈಬರ್ ಹಾಕುವುದು, ಪೂರ್ತಿ ಉಕ್ಕಿನ ಜೋಡಿ ಹಾಕುವುದು, ಇಲ್ಲಾ ಕ್ರ್ಯಾಂಕ್‌ಗೆ ಉಕ್ಕು, ಕ್ಯಾಮ್‌ಗೆ ಅಲ್ಯೂಮಿನಿಯಂ. ಹೊಸ ಫೈಬರ್ ಹಾಕಿದರೆ ತಪ್ಪೇನಿಲ್ಲ, ನಿಶ್ಶಬ್ದ ಬೇಕೇಬೇಕು ಅನ್ನುವವರು ಹಾಕಿಕೊಳ್ಳಲಿ, ಆದರೆ ಹೊಸದು ಅಂತ ಕೊಡುವ ಗೇರ್ ಎಷ್ಟು ವರ್ಷದಿಂದ ಕಪಾಟಿನಲ್ಲಿ ಕೂತಿದೆ ಅಂತ ಕೇಳಿ ತಗೊಳ್ಳಿ. ಪೂರ್ತಿ ಉಕ್ಕು ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸದ್ದು ಜಾಸ್ತಿ, ಮತ್ತು ಕ್ರ್ಯಾಂಕ್‌ನ ನಡುಕವನ್ನೆಲ್ಲ ಹಾಗೇ ಕ್ಯಾಮ್‌ಗೂ ಡಿಸ್ಟ್ರಿಬ್ಯೂಟರ್‌ಗೂ ದಾಟಿಸುತ್ತದೆ. ದಿನಾ ಭಾರ ಎಳೆಯುವ ಗಾಡಿಗೆ ಸರಿ. ನನ್ನಂಥ ಮೆತ್ತಗಿನ ಓಡಾಟಕ್ಕೆ ಅಷ್ಟು ಬೇಡ ಅನ್ನಿಸಿತು. ಅಲ್ಯೂಮಿನಿಯಂ ಮಧ್ಯದ ದಾರಿ, ಅದನ್ನೇ ತರಿಸಿದೆ. ಜೋಡಿಯಾಗಿ ತರಿಸಿದೆ. ಕ್ಯಾಮ್ ಗೇರ್ ಒಂದನ್ನೇ ಕೊಟ್ಟು "ಕ್ರ್ಯಾಂಕ್‌ದು ಉಕ್ಕು, ಅದಕ್ಕೇನೂ ಆಗಿಲ್ಲ" ಅನ್ನುವವರಿದ್ದಾರೆ. ನನಗೂ ಒಬ್ಬರು ಹೇಳಿದರು. ನನ್ನ ಹಳೆ ಕ್ರ್ಯಾಂಕ್ ಗೇರನ್ನು ತೊಳೆದು ಬೆಳಕಿಗೆ ಹಿಡಿದರೆ ಹಲ್ಲಿನ ಒಂದು ಮುಖದಲ್ಲಿ ಮೆಟ್ಟಿಲಿನಂತೆ ಸವೆತ ಇತ್ತು, ಬೆರಳಿಗೆ ಸಿಗುತ್ತಿತ್ತು. ಅದರ ಮೇಲೆ ಹೊಸ ಮೆತ್ತನೆ ಲೋಹದ ಗೇರ್ ಕೂರಿಸಿದರೆ ಅರದಂತೆ ತಿಂದುಹಾಕುತ್ತಿತ್ತು.

ಡಬ್ಬಿಯಿಂದ ಕೈಗೆ ತಗೊಂಡಾಗ ಮೊದಲ ಅನಿಸಿಕೆ ಒಳ್ಳೆಯದೇ. ಅಲ್ಯೂಮಿನಿಯಂ ಗೇರ್ ಒಂದೇ ತುಂಡಿನಿಂದ ಕಡೆದದ್ದು, ಎಲ್ಲೂ ತೂತು, ಗುಳ್ಳೆ ಇಲ್ಲ. ಕೀ (ಗೇರ್ ಶಾಫ್ಟ್ ಮೇಲೆ ಜಾರದಂತೆ ಹಿಡಿಯುವ ಚಿಕ್ಕ ತುಂಡು) ಕೂರುವ ತೋಡು ಚೂಪಾಗಿ, ನೇರವಾಗಿ ಇದೆ. ಹಳೆ ಗೇರಿನ ಜೊತೆ ಬೆನ್ನಿಗೆ ಬೆನ್ನು ಇಟ್ಟು ಹಲ್ಲು ಎಣಿಸಿದೆ, ಓರೆಯ ಕೋನ ನೋಡಿದೆ, ಹೊಂದಿತು. ಕ್ರ್ಯಾಂಕ್ ಗೇರ್ ಇನ್ನೂ ಚೆನ್ನಾಗಿದೆ, ಹಲ್ಲಿನ ಮುಖ ಕನ್ನಡಿಯಂತೆ ನುಣುಪು.

ಕೊರತೆಗಳು ಆಮೇಲೆ ಕಂಡವು. ಒಂದು, ಅಲ್ಯೂಮಿನಿಯಂ ಹಲ್ಲಿನ ತುದಿಗಳಲ್ಲಿ ಕಡೆಯುವಾಗ ಎದ್ದ ಸಿಪ್ಪೆಯನ್ನು ಸರಿಯಾಗಿ ತೆಗೆದಿಲ್ಲ. ಕಣ್ಣಿಗೆ ಕಾಣದು, ಬಟ್ಟೆಯಲ್ಲಿ ಒರೆಸಿದರೆ ನೂಲು ಸಿಕ್ಕಿಕೊಳ್ಳುತ್ತದೆ. ಹಾಗೇ ಹಾಕಿದರೆ ಆ ಚೂರುಗಳೆಲ್ಲ ಮೊದಲ ಗಂಟೆಯಲ್ಲೇ ಎಣ್ಣೆಗೆ ಬೀಳುತ್ತವೆ. ನಯವಾದ ಅರದಲ್ಲಿ ಒಂದೊಂದು ಹಲ್ಲಿನ ಅಂಚನ್ನೂ ಸವರಿ, ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆಯಲು ಒಂದು ಸಂಜೆ ಹಿಡಿಯಿತು. ಎರಡು, ಗೇರ್‌ಗಳನ್ನು ಸರಿಯಾಗಿ ಹೊಂದಿಸಲು ಇರುವ ಟೈಮಿಂಗ್ ಚುಕ್ಕೆ ತೀರಾ ಮೇಲೆ ಮೇಲೆ ಹೊಡೆದಿದ್ದಾರೆ. ಹೊಸ ಅಲ್ಯೂಮಿನಿಯಂ ಹೊಳಪಿನಲ್ಲಿ ಎಣ್ಣೆ ಸವರಿದ ಮೇಲೆ ಅದು ಕಾಣುವುದೇ ಇಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಒಂದು ಹಲ್ಲು ಆಚೀಚೆ ಆದರೆ ಮತ್ತೆ ಎಲ್ಲ ಬಿಚ್ಚಬೇಕು. ಹಳೆ ಗೇರಿನ ಕೀ ತೋಡಿನಿಂದ ಎಷ್ಟನೇ ಹಲ್ಲಿನಲ್ಲಿ ಚುಕ್ಕೆ ಇದೆ ಅಂತ ಎಣಿಸಿ, ಹೊಸದರಲ್ಲೂ ಅಲ್ಲೇ ಇದೆ ಅಂತ ಖಾತ್ರಿ ಮಾಡಿಕೊಂಡು, ಬಿಳಿ ಬಣ್ಣ ಹಚ್ಚಿದೆ. ಮೂರು, ಬ್ಯಾಕ್‌ಲ್ಯಾಶ್, ಅಂದರೆ ಎರಡು ಗೇರಿನ ಹಲ್ಲುಗಳ ನಡುವಿನ ಸಡಿಲ, ಎಷ್ಟಿರಬೇಕು ಅಂತ ಎಲ್ಲೂ ಬರೆದಿಲ್ಲ. ಇಂಜಿನ್‌ನ ಸರ್ವಿಸ್ ಪುಸ್ತಕ ಇಲ್ಲದವರು ಏನು ಮಾಡಬೇಕು? ಇಂಥ ವಸ್ತು ಮಾರುವವರು ಈ ಒಂದು ಅಂಕಿಯನ್ನಾದರೂ ಮುದ್ರಿಸಬೇಕು.

ಕೂರಿಸುವ ಕೆಲಸಕ್ಕೆ ಬರೋಣ. ಇಲ್ಲೇ ಜಾಸ್ತಿ ಜನ ಎಡವುವುದು. ಕ್ಯಾಮ್ ಗೇರನ್ನು ಯಾವ ಕಾರಣಕ್ಕೂ ಸುತ್ತಿಗೆಯಲ್ಲಿ ಹೊಡೆದು ಹಾಕಬೇಡಿ. ಮುಂದಿನಿಂದ ಹೊಡೆದರೆ ಕ್ಯಾಮ್‌ಶಾಫ್ಟ್ ಹಿಂದಕ್ಕೆ ಹೋಗಿ ಬ್ಲಾಕ್‌ನ ಹಿಂಬದಿಯಲ್ಲಿರುವ ಮುಚ್ಚಳವನ್ನು ತಳ್ಳಿಬಿಡುತ್ತದೆ. ಅದು ಕ್ಲಚ್ ಕಡೆ ಇರುತ್ತದೆ, ಗೇರ್‌ಬಾಕ್ಸ್ ಇಳಿಸದೆ ಕೈ ಹೋಗುವುದಿಲ್ಲ, ಗೊತ್ತಾಗುವುದು ಎಲ್ಲ ಜೋಡಿಸಿ ಎಣ್ಣೆ ಸೋರಿದ ಮೇಲೆ. ಜೊತೆಗೆ ಗೇರ್‌ನ ಹಿಂದಿರುವ, ಕ್ಯಾಮ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಪ್ಲೇಟ್‌ಗೂ ಪೆಟ್ಟು. ನಾನು ಗೇರನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟೆ. ನೀರು 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಜಾಸ್ತಿ ಕಾಯಿಸಿಬಿಟ್ಟೆನಾ ಅನ್ನುವ ಭಯ ಇಲ್ಲ. ದಪ್ಪ ಕೈಗವಸು ಹಾಕಿಕೊಂಡು ತೆಗೆದು, ಚೆನ್ನಾಗಿ ಒರೆಸಿ, ಚುಕ್ಕೆಗೆ ಚುಕ್ಕೆ ಸೇರಿಸಿ ಕ್ಯಾಮ್‌ನ ಮೂತಿಗೆ ಹಿಡಿದೆ. ಮುಕ್ಕಾಲು ಪಾಲು ತಾನೇ ಜಾರಿ ಹೋಯಿತು. ಉಳಿದದ್ದನ್ನು ನಟ್ ಬಿಗಿ ಮಾಡುತ್ತಾ ಎಳೆದುಕೊಂಡೆ. ಓರೆ ಹಲ್ಲಾದ್ದರಿಂದ ಸೇರುವಾಗ ಗೇರ್ ಸ್ವಲ್ಪ ತಿರುಗುತ್ತಾ ಒಳಗೆ ಹೋಗುತ್ತದೆ, ಚುಕ್ಕೆ ತಪ್ಪಿತೇನೋ ಅಂತ ಗಾಬರಿ ಆಗಬೇಡಿ, ಪೂರ್ತಿ ಕೂತ ಮೇಲೆ ನೋಡಿ.

ಆಮೇಲೆ ಬ್ಯಾಕ್‌ಲ್ಯಾಶ್ ಅಳತೆ. ಕೂದಲೆಳೆಯಷ್ಟು ಅಲುಗಾಟವನ್ನೂ ತೋರಿಸುವ ಡಯಲ್ ಗೇಜ್‌ನ ಮುಳ್ಳನ್ನು ಹಲ್ಲಿನ ಮೇಲೆ ಇಟ್ಟು ಕ್ಯಾಮ್ ಗೇರನ್ನು ಕೈಯಲ್ಲಿ ಆಚೀಚೆ ಆಡಿಸಿದೆ. ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ. ಕ್ರ್ಯಾಂಕ್ ತಿರುಗಿಸುತ್ತಾ ನಾಲ್ಕು ಕಡೆ ನೋಡಿದೆ: 0.05, 0.06, 0.05, ಒಂದು ಕಡೆ 0.08 ಮಿಲಿಮೀಟರ್. ಅಂದರೆ ಗೇರ್ ತೀರಾ ಕೂದಲೆಳೆಯಷ್ಟು ಓಲಾಡುತ್ತದೆ, ಆದರೆ ಎಲ್ಲೂ ಬಿಗಿಯಾಗಿ ಹಿಡಿದಿಲ್ಲ. ನನ್ನ ಇಂಜಿನ್‌ಗೆ ಇದು ಸಾಕು. ಕಬ್ಬಿಣದ ಬ್ಲಾಕ್‌ನಲ್ಲಿ ಅಲ್ಯೂಮಿನಿಯಂ ಗೇರ್ ಹಾಕುವವರು ಒಂದನ್ನು ನೆನಪಿಡಬೇಕು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ, ತಣ್ಣಗಿದ್ದಾಗ ಇದ್ದ ಸಡಿಲ ಓಡುವಾಗ ಕಡಿಮೆಯಾಗುತ್ತದೆ. ತಣ್ಣಗಿದ್ದಾಗಲೇ ಸಡಿಲ ಇಲ್ಲ ಅಂದರೆ ಅದನ್ನು ಹಾಕಿ ಓಡಿಸುವ ಹಾಗಿಲ್ಲ, ವಾಪಸ್ ಕಳಿಸಿ.

ಎಣ್ಣೆ ಬರುವ ದಾರಿಯನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ನನ್ನ ಇಂಜಿನ್‌ನಲ್ಲಿ ಎರಡು ಗೇರ್ ಸೇರುವ ಜಾಗಕ್ಕೆ ಎಣ್ಣೆ ಚಿಮ್ಮಿಸಲು ಒಂದು ಸಣ್ಣ ನಳಿಕೆ ಇದೆ, ತೂತು ಸೂಜಿಯಷ್ಟು. ತೆಗೆದು ಬೆಳಕಿಗೆ ಹಿಡಿದರೆ ಬೆಳಕೇ ಕಾಣಲಿಲ್ಲ. ಗಟ್ಟಿಯಾದ ಕಪ್ಪು ಕಸ ತುಂಬಿಕೊಂಡಿತ್ತು. ಯಾವಾಗಿನಿಂದ ಹಾಗಿತ್ತೋ. ನನ್ನ ಫೈಬರ್ ಗೇರ್ ಹೋಗಲು ಇದೂ ಒಂದು ಕಾರಣ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ತಾಮ್ರದ ತಂತಿಯ ಎಳೆ ತೂರಿಸಿ, ಗಾಳಿ ಊದಿ ಬಿಡಿಸಿದೆ. ಈ ನಳಿಕೆ ಕಟ್ಟಿಕೊಂಡಿರುವಾಗ ಬಂಗಾರದ ಗೇರ್ ಹಾಕಿದರೂ ಬಾಳುವುದಿಲ್ಲ.

ಸಂಪ್, ಅಂದರೆ ಇಂಜಿನ್ ತಳದ ಎಣ್ಣೆ ತಟ್ಟೆ, ಇಳಿಸಲೇಬೇಕು. ಮೆಕ್ಯಾನಿಕ್ ಅಣ್ಣ "ಎಣ್ಣೆ ಬದಲಾಯಿಸಿದರೆ ಸಾಕು, ಚೂರು ಫೈಬರ್ ಅಷ್ಟೇ ತಾನೇ, ಏನೂ ಮಾಡಲ್ಲ" ಅಂದರು. ನಾನು ಹಟ ಹಿಡಿದೆ, ಇಳಿಸಿದೆವು. ಆರು ಹಲ್ಲುಗಳ ಪೈಕಿ ನಾಲ್ಕು ಸಂಪ್ ತಳದಲ್ಲಿ ಮಲಗಿದ್ದವು. ಉಳಿದವು ಪುಡಿಯಾಗಿ ಎಣ್ಣೆ ಪಂಪಿನ ಜಾಲರಿಗೆ ಅಂಟಿಕೊಂಡಿದ್ದವು, ಜಾಲರಿಯ ಮೂರನೇ ಒಂದು ಪಾಲು ಕಂದು ಬಣ್ಣದ ಪದರ. ಅಣ್ಣ ಅದನ್ನು ಬೆರಳಿನಲ್ಲಿ ಕೆರೆದು ನೋಡಿ, "ಇಳಿಸಿದ್ದೇ ಒಳ್ಳೇದಾಯ್ತು" ಅಂದರು. ಅದನ್ನು ಬಿಟ್ಟು ಓಡಿಸಿದ್ದರೆ ಬೇರಿಂಗ್‌ಗಳಿಗೆ ಎಣ್ಣೆ ಕಡಿಮೆಯಾಗಿ ಇಡೀ ಇಂಜಿನ್ ಹೋಗುತ್ತಿತ್ತು. ಅರವತ್ತು ಎಪ್ಪತ್ತರ ದಶಕದ ಅಮೆರಿಕದ ಎಷ್ಟೋ ವಿ8 ಇಂಜಿನ್‌ಗಳಲ್ಲಿ ಚೈನ್‌ನ ದೊಡ್ಡ ಚಕ್ರಕ್ಕೆ ಸದ್ದು ಕಡಿಮೆ ಮಾಡಲೆಂದೇ ನೈಲಾನ್ ಹಲ್ಲು ಹೊದಿಸಿದ್ದರು. ಅಲ್ಲೂ ಇದೇ ಕತೆ, ವಯಸ್ಸಾದ ನೈಲಾನ್ ಬಿರಿದು ಜಾಲರಿಗೆ ಬೀಳುತ್ತದೆ.

ಕ್ಯಾಮ್ ನಿಂತಾಗ ತೆರೆದೇ ಉಳಿದ ವಾಲ್ವ್ ಪಿಸ್ಟನ್ ಬಡಿದು ಬಾಗಿದೆಯಾ ಅನ್ನುವ ಭಯ ದೊಡ್ಡದಿತ್ತು. ಜೋಡಿಸಿದ ಮೇಲೆ ಕಂಪ್ರೆಶನ್ ನೋಡಿದೆವು, ನಾಲ್ಕೂ ಸಮ. ನನ್ನ ಇಂಜಿನ್‌ನಲ್ಲಿ ವಾಲ್ವ್ ಪೂರ್ತಿ ತೆರೆದರೂ ಪಿಸ್ಟನ್‌ಗೆ ತಾಗುವುದಿಲ್ಲ, ಅದೂ ಅಲ್ಲದೆ ಐಡ್ಲಿಂಗ್‌ನಲ್ಲಿ ಆಗಿದ್ದು. ಮಾಡೆಲ್ ಎ ಥರದ ಫ್ಲ್ಯಾಟ್‌ಹೆಡ್ ಇಂಜಿನ್‌ಗಳಲ್ಲಿ ವಾಲ್ವ್ ಸಿಲಿಂಡರ್‌ನ ಪಕ್ಕದಲ್ಲೇ ನಿಂತಿರುತ್ತದೆ, ಪಿಸ್ಟನ್‌ಗೆ ಸಿಗುವ ಪ್ರಶ್ನೆಯೇ ಇಲ್ಲ. ಎಲ್ಲ ಇಂಜಿನ್‌ಗೂ ಈ ಅದೃಷ್ಟ ಇಲ್ಲ. ಕ್ಯಾಮ್ ಬದಲಾಯಿಸಿ, ಹೆಡ್ ಕೆತ್ತಿಸಿ ಕಂಪ್ರೆಶನ್ ಏರಿಸಿಕೊಂಡಿರುವವರು ಫೈಬರ್ ಗೇರ್ ಇಟ್ಟುಕೊಂಡು ಓಡಿಸಲೇಬಾರದು. ಗಟ್ಟಿ ವಾಲ್ವ್ ಸ್ಪ್ರಿಂಗ್ ಹಾಕಿದ್ದರಂತೂ ಆ ಪೆಟ್ಟೆಲ್ಲ ಬೀಳುವುದು ಆ ಬಟ್ಟೆಯ ಹಲ್ಲಿನ ಮೇಲೇ.

ಸ್ಟಾರ್ಟ್ ಮಾಡಿದ ದಿನ ಸದ್ದು ಕೇಳಿ ಸ್ವಲ್ಪ ಬೇಸರವಾಯಿತು, ಮುಚ್ಚಿಡುವುದಿಲ್ಲ. ತಣ್ಣಗಿದ್ದಾಗ ಮುಂಭಾಗದಿಂದ ಸಣ್ಣಗೆ ಗುಂಯ್ ಅನ್ನುತ್ತದೆ, ಆಕ್ಸಿಲರೇಟರ್ ಜೊತೆ ಏರಿಳಿಯುತ್ತದೆ. ಬಾನೆಟ್ ತೆರೆದು ನಿಂತರೆ ಸ್ಪಷ್ಟ. ಹತ್ತು ನಿಮಿಷ ಓಡಿ ಇಂಜಿನ್ ಬಿಸಿಯಾದ ಮೇಲೆ ಮುಕ್ಕಾಲು ಕಡಿಮೆಯಾಗುತ್ತದೆ, ಒಳಗೆ ಕೂತು ಓಡಿಸುವಾಗ ಗಾಳಿಯ ಸದ್ದಿನಲ್ಲಿ ಕೇಳುವುದೇ ಇಲ್ಲ. ಎರಡು ವಾರದಲ್ಲಿ ಕಿವಿಗೆ ಒಗ್ಗಿತು. ಈಗ ನನಗೆ ಆ ಸದ್ದು ಬೇಕು. ಮುಂದೆ ಹಲ್ಲು ಸವೆದರೆ ಆ ಸ್ವರ ಬದಲಾಗುತ್ತದೆ, ಬದಲಾದರೆ ನಾನು ಗಾಡಿ ನಿಲ್ಲಿಸಿ ಕವರ್ ತೆಗೆಯಬಹುದು. ಹಳೆಯದು ಆ ಅವಕಾಶ ಕೊಟ್ಟಿರಲಿಲ್ಲ.

ಇಗ್ನಿಷನ್ ಟೈಮಿಂಗ್ ಹೊಸದಾಗಿ ಹೊಂದಿಸಬೇಕಾಯಿತು. ಕಿಡಿಯ ಜೊತೆ ಮಿನುಗುವ ಟೈಮಿಂಗ್ ಲೈಟ್ ಹಿಡಿದರೆ ಪುಲ್ಲಿಯ ಗುರುತು ಮೊದಲಿನ ಹಾಗೆ ತೂಗಾಡದೆ ಒಂದೇ ಕಡೆ ನಿಂತಿತ್ತು. ಹಳೆ ಗೇರ್ ಮುರಿಯುವ ಮೊದಲು ಆ ತೂಗಾಟ ನೋಡಿ ಡಿಸ್ಟ್ರಿಬ್ಯೂಟರ್ ಬುಷ್ ಸವೆದಿದೆ ಅಂತ ನಾವು ಅಂದುಕೊಂಡು ಸುಮ್ಮನಾಗಿದ್ದೆವು. ಆಗಲೇ ಕವರ್ ತೆಗೆದು ನೋಡಬೇಕಿತ್ತು.

ಒಂದು ವರ್ಷದಲ್ಲಿ ಸುಮಾರು 7,000 ಕಿಲೋಮೀಟರ್ ಆಯಿತು. ಕಳೆದ ತಿಂಗಳು ವಾಟರ್ ಪಂಪ್ ಕೆಲಸಕ್ಕೆ ಮುಂಭಾಗ ಹೇಗೂ ಬಿಚ್ಚಿದ್ದರಿಂದ ಟೈಮಿಂಗ್ ಕವರ್ ಕೂಡ ತೆಗೆದೆ. ಅಲ್ಯೂಮಿನಿಯಂ ಹಲ್ಲಿನ ಮುಖದಲ್ಲಿ ಕಚ್ಚುವ ಜಾಗ ಉದ್ದಕ್ಕೂ ಒಂದೇ ಅಗಲದ ಪಟ್ಟಿಯಾಗಿ ಹೊಳೆಯುತ್ತಿದೆ. ಗೀರು ಇಲ್ಲ, ಬಿರುಕು ಇಲ್ಲ. ಮತ್ತೆ ನಾಲ್ಕು ಕಡೆ ಅಳೆದೆ, ಜಾಸ್ತಿ ಎಂದರೆ 0.08 ಇದ್ದದ್ದು 0.09 ಆಗಿದೆ, ಉಳಿದವು ಹಾಗೇ ಇವೆ. ಮೊದಲ 500 ಕಿಲೋಮೀಟರ್‌ಗೆ ಎಣ್ಣೆ ಬದಲಾಯಿಸಿದಾಗ ಅದರಲ್ಲಿ ಸ್ವಲ್ಪ ಬೆಳ್ಳಿಪುಡಿಯಂಥ ಹೊಳಪು ಕಂಡಿತ್ತು, ಆಮೇಲಿನ ಎಣ್ಣೆಯಲ್ಲಿ ಇಲ್ಲ. ಆ ಮೊದಲ ಎಣ್ಣೆಯನ್ನು ಬೇಗ ಬದಲಾಯಿಸಿ, ಫಿಲ್ಟರ್ ಸಮೇತ.

ಇನ್ನೂ ಹಳೆ ಫೈಬರ್ ಗೇರ್‌ನಲ್ಲೇ ಓಡಿಸುತ್ತಿರುವವರು ತಿಂಗಳಿಗೊಮ್ಮೆ ಒಂದು ಕೆಲಸ ಮಾಡಬಹುದು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರ್‌ನಲ್ಲಿ ಒಂದು ಕಡೆ ರೋಟರ್ ಅಲುಗುವವರೆಗೆ ತಿರುಗಿಸಿ ಗುರುತು ಹಾಕಿ. ಆಮೇಲೆ ಇನ್ನೊಂದು ಕಡೆ ತಿರುಗಿಸಿ, ರೋಟರ್ ಅಲುಗಿದ ಕ್ಷಣ ಮತ್ತೆ ಗುರುತು. ಎರಡರ ನಡುವಿನ ಅಂತರ ಸಡಿಲದ ಲೆಕ್ಕ. ಅದರಲ್ಲಿ ಡಿಸ್ಟ್ರಿಬ್ಯೂಟರ್ ಗೇರಿನ ಸಡಿಲವೂ ಸೇರಿರುತ್ತದೆ, ಹಾಗಾಗಿ ಒಂದು ಸಲದ ಅಂತರ ಎಷ್ಟು ಅನ್ನುವುದಕ್ಕಿಂತ ಅದು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದೆಯಾ ಅಂತ ನೋಡಿ. ಬೆಳೆದರೆ ತಡ ಮಾಡಬೇಡಿ. ಆದರೆ ಬೆಳೆದಿಲ್ಲ ಅಂತ ನಿಶ್ಚಿಂತೆ ಕೂಡ ಬೇಡ, ಬುಡದ ಬಿರುಕು ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ, ನನ್ನ ಗೇರಿನಲ್ಲಿ ಉಳಿದ ಹಲ್ಲುಗಳು ಒಂದಿಷ್ಟೂ ಸವೆದಿರಲಿಲ್ಲ. ಗೇರಿನ ವಯಸ್ಸು ಗೊತ್ತಿಲ್ಲದಿದ್ದರೆ, ವಾಟರ್ ಪಂಪಿಗೋ ಮುಂದಿನ ಆಯಿಲ್ ಸೀಲಿಗೋ ಮುಂಭಾಗ ಬಿಚ್ಚಿದ ದಿನವೇ ಗೇರ್ ಕೂಡ ಬದಲಾಯಿಸಿಬಿಡಿ, ಅರ್ಧ ಕೆಲಸ ಅಲ್ಲಿಗೇ ಆಗಿರುತ್ತದೆ.

ಸೆಟ್‌ಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಲೋಹ, ಅಳತೆ, ಬಾಳಿಕೆ ಚೆನ್ನಾಗಿದೆ, ಸಿಪ್ಪೆ ತೆಗೆಯದ ಅಂಚಿಗೂ ಕಾಣದ ಚುಕ್ಕೆಗೂ ಒಂದು ಕಡಿಮೆ. ತರಿಸುವವರು ಇನ್ನೊಂದನ್ನು ಗಮನಿಸಿ, ಡಬ್ಬಿಯಲ್ಲಿ ಎರಡು ಗೇರ್ ಮಾತ್ರ ಇರುತ್ತದೆ. ಕವರ್‌ನ ಪ್ಯಾಕಿಂಗ್, ಮುಂದಿನ ಆಯಿಲ್ ಸೀಲ್, ಸಂಪ್ ಪ್ಯಾಕಿಂಗ್, ಕ್ಯಾಮ್‌ನ ಕೀ, ಇವನ್ನು ಬೇರೆಯಾಗಿ ಮೊದಲೇ ತರಿಸಿಟ್ಟುಕೊಳ್ಳಿ. ನಾನು ಸಂಪ್ ಪ್ಯಾಕಿಂಗ್ ತರಿಸಿರಲಿಲ್ಲ, ಅದೊಂದು ಬರುವವರೆಗೆ ಗಾಡಿ ಒಂಬತ್ತು ದಿನ ಸ್ಟ್ಯಾಂಡ್ ಮೇಲೆ ಕೂತಿತ್ತು.